ತೋಟದ ದಾರಿಗೆ, ಬೆಟ್ಟದ ಇಳಿಜಾರಿಗೆ ಎಷ್ಟು ಸಸ್ಪೆನ್ಷನ್ ಟ್ರಾವೆಲ್ ಬೇಕು?

ಸೋಮವಾರಪೇಟೆಯಿಂದ ಬಂದ ಪ್ರಶ್ನೆ

ಮೌಂಟನ್ ಬೈಕ್ ಕೊಳ್ಳಬೇಕೆಂದಿದ್ದೇನೆ. ಹೆಚ್ಚಾಗಿ ಕಾಫಿ ತೋಟದೊಳಗಿನ ಕಚ್ಚಾ ರಸ್ತೆ, ರಜೆಯ ದಿನಗಳಲ್ಲಿ ಮಾಂದಲಪಟ್ಟಿ ಕಡೆಯಂಥ ಕಲ್ಲು ದಾರಿ, ಇಷ್ಟೇ ನನ್ನ ಸವಾರಿ. 100 ಮಿ.ಮೀ. ಫೋರ್ಕಿನ (ಮುಂದಿನ ಸಸ್ಪೆನ್ಷನ್) ಹಾರ್ಡ್‌ಟೇಲ್, ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕ್, ಎರಡೂ ಕಡೆ ಸಸ್ಪೆನ್ಷನ್ ಇರುವ 130 ಮಿ.ಮೀ. ಫುಲ್ ಸಸ್ಪೆನ್ಷನ್, ಒಬ್ಬರು ಬಳಸಿ ಮಾರುತ್ತಿರುವ, ಒರಟು ಇಳಿಜಾರಿಗೆಂದೇ ಮಾಡಿದ 160 ಮಿ.ಮೀ. ಎಂಡ್ಯೂರೋ ಬೈಕ್, ಈ ಮೂರರಲ್ಲಿ ಒಂದನ್ನು ಆರಿಸಬೇಕಾಗಿದೆ. ಟ್ರಾವೆಲ್ ಹೆಚ್ಚಿದ್ದಷ್ಟೂ ಒಳ್ಳೆಯದೆನ್ನುವವರೇ ಹೆಚ್ಚು. ಬಳಸಿದವರು ದಯವಿಟ್ಟು ಅನುಭವ ತಿಳಿಸಬೇಕು.

ಮಡಿಕೇರಿಯಿಂದ

ಟ್ರಾವೆಲ್ ಎಂದರೆ ಪೆಟ್ಟು ಬಿದ್ದಾಗ ಚಕ್ರ ಮೇಲಕ್ಕೆ ಸರಿಯಬಲ್ಲ ಗರಿಷ್ಠ ದೂರ. ಸ್ಥೂಲವಾಗಿ ಕ್ರಾಸ್ ಕಂಟ್ರಿ ಬೈಕುಗಳಿಗೆ 100ರಿಂದ 120, ಟ್ರೇಲ್ ಬೈಕುಗಳಿಗೆ 120ರಿಂದ 150, ಎಂಡ್ಯೂರೋ ಬೈಕುಗಳಿಗೆ 150ರಿಂದ 180, ಡೌನ್‌ಹಿಲ್ ಬೈಕುಗಳಿಗೆ ಸುಮಾರು 200 ಮಿ.ಮೀ. ಕೊಡುತ್ತಾರೆ. ಡೌನ್‌ಹಿಲ್ ಬೈಕನ್ನು ವಾಹನದಲ್ಲೋ ಲಿಫ್ಟಿನಲ್ಲೋ ಬೆಟ್ಟದ ತುದಿಗೆ ಸಾಗಿಸಿ ಕೆಳಕ್ಕೆ ಬಿಡುವ ಊರುಗಳಿವೆ. ನಮ್ಮಲ್ಲಿ ಇಳಿದಷ್ಟನ್ನೂ ತುಳಿದೇ ಹತ್ತಬೇಕು. ಮಡಿಕೇರಿಯೇ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದು, ಇಲ್ಲಿಂದ ಯಾವ ದಿಕ್ಕಿಗೆ ಇಳಿದರೂ ಮನೆಗೆ ಮರಳುವಾಗ ಏರು ಕಾದಿರುತ್ತದೆಯಾದ್ದರಿಂದ, ಉದ್ದ ಟ್ರಾವೆಲ್ಲಿನ ಜೊತೆಗೆ ಬರುವ ದಪ್ಪ ಫ್ರೇಮು, ಭಾರದ ಟೈರು, ಪೆಡಲ್ ತುಳಿದಾಗಲೆಲ್ಲ ಕುಗ್ಗುವ ಶಾಕ್ (ಹಿಂದಿನ ಸಸ್ಪೆನ್ಷನ್), ಇವೆಲ್ಲದರ ಬೆಲೆಯನ್ನು ಕಾಲುಗಳೇ ತೆರಬೇಕಾಗುತ್ತದೆ.

ನೀವು ಹೇಳಿದ ದಾರಿಗಳಿಗೆ 120ರಿಂದ 130 ಮಿ.ಮೀ. ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಅಂಕಿಗಿಂತ ಅದನ್ನು ಹೊಂದಿಸುವ ಕ್ರಮಕ್ಕೆ ಹೆಚ್ಚು ಗಮನ ಕೊಡಿ. ಸವಾರಿಯ ಉಡುಪಿನಲ್ಲಿ, ನೀರಿನ ಚೀಲವನ್ನೂ ಹೊತ್ತು, ಬೈಕಿನ ಮೇಲೆ ಸುಮ್ಮನೆ ನಿಂತಾಗ ಫೋರ್ಕ್ ತನ್ನ ಟ್ರಾವೆಲ್ಲಿನ ಶೇ. 15ರಿಂದ 20ರಷ್ಟು, ಹಿಂದಿನ ಶಾಕ್ ಶೇ. 25ರಿಂದ 30ರಷ್ಟು ಕುಗ್ಗಬೇಕು. ಇದನ್ನೇ ಸ್ಯಾಗ್ ಎನ್ನುವುದು. 120 ಮಿ.ಮೀ. ಫೋರ್ಕಿನಲ್ಲಿ ಅದು 18ರಿಂದ 24 ಮಿ.ಮೀ. ಆಗುತ್ತದೆ. ಫೋರ್ಕಿನ ನಳಿಗೆಯ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿನವರೆಗೆ ಕೆಳಕ್ಕೆ ತಳ್ಳಿ, ಹತ್ತಿ ನಿಂತು, ಅಲುಗಾಡಿಸದೆ ಇಳಿದು ಅಳೆದರೆ ಸಾಕು. ಹಿಂಭಾಗದ ಲೆಕ್ಕದಲ್ಲಿ ಮಾತ್ರ ಹಲವರು ಎಡವುತ್ತಾರೆ: ಚಕ್ರ 130 ಮಿ.ಮೀ. ಸರಿಯುವ ಬೈಕಿನಲ್ಲಿ ಶಾಕಿನ ದಂಡ 50 ಮಿ.ಮೀ. ಮಾತ್ರ ಚಲಿಸುವುದಾದರೆ, ಶೇ. 30 ಎಂಬುದನ್ನು ಆ 50ರಲ್ಲಿ, ಅಂದರೆ 15 ಮಿ.ಮೀ. ಎಂದು ಅಳೆಯಬೇಕೇ ಹೊರತು 130ರಲ್ಲಿ ಅಲ್ಲ.

ನಿಮ್ಮ ಅತ್ಯಂತ ಒರಟು ಇಳಿಜಾರು ಮುಗಿದ ಮೇಲೆ ಅದೇ ಉಂಗುರವನ್ನು ಮತ್ತೆ ನೋಡಿ. ಪ್ರತಿ ಬಾರಿಯೂ ಕಾಲು ಭಾಗದಷ್ಟು ಟ್ರಾವೆಲ್ ಬಳಕೆಯಾಗದೆ ಉಳಿಯುತ್ತಿದ್ದರೆ, ಫೋರ್ಕಿನೊಳಗಿನ ಗಾಳಿ ಹೆಚ್ಚಾಗಿದೆ, ಇಲ್ಲವೇ ಆ ದಾರಿಗೆ ಅಷ್ಟು ಟ್ರಾವೆಲ್ ಬೇಕಿಲ್ಲ.

ಕಕ್ಕಬ್ಬೆಯಿಂದ

ಮೇಲಿನವರ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಜೀಪುಗಳು ಓಡಿ ಓಡಿ ಮಣ್ಣು ಕೊಚ್ಚಿಹೋಗಿ, ತೆಂಗಿನಕಾಯಿ ಗಾತ್ರದ ಕಲ್ಲುಗಳು ಮಾತ್ರ ಉಳಿದಿರುವ ಇಳಿಜಾರಿನಲ್ಲಿ ನನ್ನ 150 ಮಿ.ಮೀ. ಫೋರ್ಕಿನಿಂದ ಸಿಗುವ ಧೈರ್ಯ 120ರದ್ದರಿಂದ ಸಿಕ್ಕಿಲ್ಲ. ವೇಗಕ್ಕಾಗಿ ಈ ಮಾತು ಹೇಳುತ್ತಿಲ್ಲ. ದೀರ್ಘ ಇಳಿಜಾರಿನ ಕೊನೆಯಲ್ಲಿ ಬ್ರೇಕ್ ಹಿಡಿಯಲು ಕೈಯಲ್ಲಿ ಬಲ ಉಳಿದಿರುತ್ತದೆ. ವಾರಕ್ಕೊಮ್ಮೆಯಾದರೂ ಅಂಥ ದಾರಿಗೆ ಹೋಗುವವರು 140–150 ಮಿ.ಮೀ. ಬೈಕನ್ನು ನೋಡಬಹುದು. ತಡಿಯಂಡಮೋಳ್ ಶಿಖರದಿಂದ ಇಳಿಯುವ ಕನಸಿಗಾಗಿ 160 ಮಿ.ಮೀ. ಬೈಕ್ ಕೊಳ್ಳುವುದು ಬೇಡ. 1,748 ಮೀಟರ್ ಎತ್ತರದ ಆ ಬೆಟ್ಟದ ಹಾದಿ ಅರಣ್ಯ ಇಲಾಖೆಯ ಅನುಮತಿ ಪಡೆದು ಕಾಲ್ನಡಿಗೆಯಲ್ಲಿ ಹತ್ತುವಂಥದ್ದು.

ಪೊನ್ನಂಪೇಟೆಯಿಂದ

ನನ್ನದು 100 ಮಿ.ಮೀ. ಹಾರ್ಡ್‌ಟೇಲ್; ಬದಲಾಯಿಸುವ ಮನಸ್ಸಿಲ್ಲ. ಟ್ಯೂಬ್‌ಲೆಸ್ ಮಾಡಿಸಿ, 2.4 ಇಂಚಿನ ಟೈರು ಹಾಕಿ, ಅದರ ಗಾಳಿಯನ್ನು ಸ್ವಲ್ಪ ಇಳಿಸಿದ ಮೇಲೆ ಸಿಲ್ವರ್ ಓಕ್ ಬೇರುಗಳ ಸಣ್ಣ ಕಂಪನವನ್ನು ಟೈರೇ ನುಂಗುತ್ತದೆ. ಒಂದೇ ಬೆಲೆಗೆ ಸಿಗುವ ಹಾರ್ಡ್‌ಟೇಲ್ ಮತ್ತು ಫುಲ್ ಸಸ್ಪೆನ್ಷನ್ ಬೈಕುಗಳನ್ನು ಹೋಲಿಸಿ ನೋಡಿದರೆ, ಸಾಮಾನ್ಯವಾಗಿ ಮೊದಲನೆಯದರಲ್ಲೇ ಉತ್ತಮ ಫೋರ್ಕ್, ಉತ್ತಮ ಬ್ರೇಕ್ ಇರುತ್ತವೆ. ಕುಗ್ಗಿದ ಫೋರ್ಕ್ ಮರಳುವ ವೇಗವನ್ನು ಹೊಂದಿಸುವ ರಿಬೌಂಡ್ ತಿರುಪು ಕೂಡ ಇಲ್ಲದ, ಬರೀ ಸ್ಪ್ರಿಂಗಿನ ಅಗ್ಗದ ಫೋರ್ಕಿನಲ್ಲಿ 120 ಮಿ.ಮೀ. ಎಂದು ಬರೆದಿದ್ದರೂ ಅದು ಪೆಟ್ಟನ್ನು ನುಂಗುವ ಬದಲು ಹ್ಯಾಂಡಲನ್ನು ಹಿಂದಕ್ಕೆ ಒದೆಯುತ್ತದೆ. ಚೆನ್ನಾಗಿ ಡ್ಯಾಂಪ್ ಆಗುವ, ಅಂದರೆ ಪುಟಿಯದೆ ನಿಧಾನವಾಗಿ ಮರಳುವ 100 ಮಿ.ಮೀ. ಗಾಳಿ ಫೋರ್ಕ್ ಅದಕ್ಕಿಂತ ಎಷ್ಟೋ ಮೇಲು.

ಸೋಮವಾರಪೇಟೆಯಿಂದ ಮರುಪ್ರಶ್ನೆ

ಹಾಗಾದರೆ ಹಾರ್ಡ್‌ಟೇಲನ್ನೇ ಕೊಂಡು, ಮುಂದೆ ಅದಕ್ಕೆ 140 ಮಿ.ಮೀ. ಫೋರ್ಕ್ ಹಾಕಿಸಬಹುದೇ?

ಮಡಿಕೇರಿಯಿಂದ

ಬೇಡ. ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಆಂಗಲ್, ಅಂದರೆ ಫೋರ್ಕ್ ಕೂರುವ ಹೆಡ್ ಟ್ಯೂಬಿನ ಓರೆ, ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ, 40 ಮಿ.ಮೀ. ಏರಿಸಿದರೆ ಸೀಟು ಹಿಂದೆ ಸರಿದು, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಫ್ರೇಮಿನ ಹೆಡ್ ಟ್ಯೂಬ್ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ. ತಯಾರಕರು ಆ ಫ್ರೇಮಿಗೆ ಗರಿಷ್ಠ ಎಷ್ಟು ಎಂದು ಹೇಳಿದ್ದಾರೋ ಅದನ್ನು ಮೀರಿದರೆ ವಾರಂಟಿ ಉಳಿಯುವುದಿಲ್ಲ.

ಸುಂಟಿಕೊಪ್ಪದಿಂದ

ಹಳೆಯ ಎಂಡ್ಯೂರೋ ಬೈಕಿನ ಬಗ್ಗೆ ಒಂದು ಮಾತು. ಅದರ ಬೆಲೆಗಿಂತ ಮೊದಲು ಸರ್ವಿಸಿನ ಚರಿತ್ರೆ ಕೇಳಿ. ಫೋರ್ಕಿನ ಕೆಳಭಾಗದ ಎಣ್ಣೆಯನ್ನು ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಬದಲಿಸುವುದು ರೂಢಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ, ಕೆಂಪು ಕೆಸರು ಸೀಲಿನ ಅಂಚಿನಲ್ಲಿ ಕೂತು ಉಜ್ಜುತ್ತಿರುವಾಗ, ಅಷ್ಟು ದಿನ ಕಾಯುವುದೂ ತಪ್ಪೇ. ಫುಲ್ ಸಸ್ಪೆನ್ಷನ್ ಎಂದರೆ ಶಾಕ್ ಜೊತೆಗೆ ಫ್ರೇಮಿನ ಹಿಂಭಾಗ ಮಡಚುವ ಕೀಲುಗಳ ಪಿವಟ್ ಬೇರಿಂಗುಗಳ ಖರ್ಚೂ ಸೇರುತ್ತದೆ. ನಾನು ಶಾಕ್ ಬಿಚ್ಚಿ ಬೆಂಗಳೂರಿಗೆ ಪಾರ್ಸೆಲ್ ಕಳುಹಿಸುತ್ತೇನೆ, ಅದು ಮರಳುವವರೆಗೆ ಬೈಕ್ ಕೊಟ್ಟಿಗೆಯಲ್ಲೇ ಇರುತ್ತದೆ.

ನೋಡಲು ಹೋದಾಗ ಫೋರ್ಕಿನ ನಳಿಗೆಗಳ ಮೇಲೆ ಉಗುರು ಆಡಿಸಿ ಗೀರು ತಡಕಿ ನೋಡಿ. ಸೀಟು ಹಿಡಿದು ಹಿಂದಿನ ಚಕ್ರವನ್ನು ಸ್ವಲ್ಪವೇ ಎತ್ತಿದಾಗ ಚಕ್ರ ನೆಲ ಬಿಡುವ ಮೊದಲೇ ಕಟಕ್ ಎಂದು ಸಡಿಲು ತಿಳಿದರೆ ಬೇರಿಂಗು ಅಥವಾ ಬುಶ್ ಸವೆದಿದೆ. ಇವೆಲ್ಲ ಸರಿಯಿದ್ದರೂ ನಿಮ್ಮ ಸವಾರಿಗೆ ನಾನು ಸೂಚಿಸುವುದು ಆ 130 ಮಿ.ಮೀ. ಬೈಕನ್ನೇ, ಜೊತೆಗೆ ಒಂದು ಶಾಕ್ ಪಂಪ್. ಸೈಕಲ್ಲಿನ ಸಾಮಾನ್ಯ ಪಂಪಿನಿಂದ ಫೋರ್ಕಿಗೂ ಶಾಕಿಗೂ ಗಾಳಿ ಹೊಂದಿಸಲಾಗದು.