ಒಂದು ಗೇಣು ದೂರ

ಶಿಡ್ಲಘಟ್ಟದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶುಕ್ರವಾರ ರಾತ್ರಿ ನಡೆದದ್ದು. ಭಾನುವಾರ ಚಿಕ್ಕಬಳ್ಳಾಪುರದ ಛತ್ರದಲ್ಲಿ ಅತ್ತೆಯ ಮಗಳ ಮದುವೆ. ಯಾರು ಯಾವ ಬಸ್ಸಿಗೆ ಎಂಬ ಲೆಕ್ಕದ ನಡುವೆ ದೊಡ್ಡಪ್ಪ ಎಲ್ಲಿಂದಲೋ ಬಂದ ಒಂದು ಸಂದೇಶ ಹಾಕಿದರು: ‘ಸೆಂಟ್ ದಿನವಿಡೀ ಉಳಿಯಬೇಕೇ? ಮೈಗೆ ಬೇಡ, ಬಟ್ಟೆಗೆ ಹತ್ತಿರದಿಂದ ಐದಾರು ಬಾರಿ ಹೊಡೆಯಿರಿ. ರೇಷ್ಮೆ ಪರಿಮಳವನ್ನು ಬಿಡುವುದೇ ಇಲ್ಲ. ಹತ್ತು ಜನರಿಗೆ ಕಳಿಸಿ.’

ದೊಡ್ಡಪ್ಪ: ಮದುವೆಗೆ ಹೊರಟವರೆಲ್ಲ ಓದಿ. ಬಹಳ ಉಪಯುಕ್ತ.

ಚಿಕ್ಕಮ್ಮ: ಭಾವ, ದಯವಿಟ್ಟು ಬೇಡ. ನನ್ನ ನೇರಳೆ ಸೀರೆಯ ಸೆರಗಿನಲ್ಲಿ ಇಂದಿಗೂ ಕಾಸಿನಗಲದ ಕಲೆ ಇದೆ. ತವರಿನ ಗೃಹಪ್ರವೇಶಕ್ಕೆ ಹೊರಡುವ ಅವಸರದಲ್ಲಿ ಹೊಡೆದುಕೊಂಡದ್ದು. ಡ್ರೈಕ್ಲೀನಿಂಗಿಗೆ ಕೊಟ್ಟರೂ ಹೋಗಲಿಲ್ಲ. ಈಗ ಆ ಭಾಗ ಒಳಗೆ ಅಡಗುವಂತೆ ನೆರಿಗೆ ಹಿಡಿಯುತ್ತೇನೆ.

ದೊಡ್ಡಪ್ಪ: ಅದು ಸೀರೆಯ ದೋಷ. ನಮ್ಮದು ಗೂಡನ್ನು ಬೇಯಿಸಿ ನೂಲು ತೆಗೆಯುವ ಊರು. ಅಷ್ಟನ್ನು ತಾಳಿಕೊಂಡ ರೇಷ್ಮೆಗೆ ನಾಲ್ಕು ಹನಿ ಸೆಂಟ್ ಏನು ಮಾಡೀತು?

ಅತ್ತೆ: ಅಣ್ಣ, ಬೇಯಿಸುವಾಗ ಗೂಡಿಗೆ ಬಣ್ಣ ಹಾಕಿರುತ್ತಾರೆಯೇ? ನೂಲು ತೆಗೆದು, ಹುರಿ ಮಾಡಿ, ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದ ಮೇಲೆ ಬಣ್ಣದ ಸರದಿ. ಕಚ್ಚಾ ನೂಲಿನ ತೂಕದಲ್ಲಿ ಸುಮಾರು ಕಾಲು ಭಾಗ ಆ ಅಂಟೇ.

ದೊಡ್ಡಪ್ಪ: ಮಾರುಕಟ್ಟೆಯಲ್ಲಿ 30 ವರ್ಷ ಗೂಡಿನ ಹರಾಜು ಕೂಗಿದವನಿಗೆ ರೇಷ್ಮೆಯ ಪಾಠವೇ?

ಅತ್ತೆ: ಹರಾಜು ಕೂಗಿದವನು ನೀನು. ಬಿಸಿನೀರಿನ ಮುಂದೆ ಕುಳಿತು ಎಳೆ ಹುಡುಕಿದವಳು ನಾನು.

ನಾನು: ದೊಡ್ಡಪ್ಪ, ಎಳೆಗೆ ಏನೂ ಆಗದಿರಬಹುದು. ಕೆಡುವುದು ಬಣ್ಣ. ಬಾಟಲಿಯಲ್ಲಿ ಬಹುಪಾಲು ಇರುವುದು ಆಲ್ಕೋಹಾಲ್, ಜೊತೆಗೆ ಸ್ವಲ್ಪ ನೀರು. ಕೊಲೋನ್ ಎಂಬ ತೆಳು ಸೆಂಟ್ ಆದರೆ ಪರಿಮಳದ ಎಣ್ಣೆ ಸಾಮಾನ್ಯವಾಗಿ ಶೇ 2ರಿಂದ 4ರಷ್ಟೇ. ಆಲ್ಕೋಹಾಲ್ ಕೆಲವು ಬಣ್ಣಗಳನ್ನು ಸಡಿಲಿಸಿ ಒದ್ದೆಯ ಅಂಚಿಗೆ ತಳ್ಳಿ ತಾನು ಆರಿಹೋಗುತ್ತದೆ. ಉಳಿಯುವುದು ಚಿಕ್ಕಮ್ಮನ ಕಾಸು. ರೇಷ್ಮೆ ಪಂಚೆ, ಶಲ್ಯ, ಜರಿಯ ಅಂಚು, ಇವುಗಳ ತಂಟೆಗೇ ಹೋಗಬೇಡಿ. ಒಳಗೆ ತೊಡುವ ಹತ್ತಿಯ ಬನಿಯನ್ನಿಗೆ ಹಾಕಿಕೊಳ್ಳಿ. ತೊಡುವ ಮೊದಲು, ಒಂದು ಗೇಣು ದೂರದಿಂದ, ಒಂದೆರಡು ಬಾರಿ ಸಾಕು. ಆರಿದ ಮೇಲೆ ತೊಡಿ. ಇಸ್ತ್ರಿ ಅದಕ್ಕೂ ಮೊದಲೇ ಮುಗಿದಿರಲಿ. ಅತ್ತರಂತೂ ಎಣ್ಣೆ, ಬಿಳಿ ಪಂಚೆಗೆ ತಾಗಿಸಲೇಬೇಡಿ.

ಅಕ್ಕ: ಬಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದಾದರೂ ಸರಿ ತಾನೇ? ಅಪ್ಪನ ಕಡೆಗೂ ಒಂದು ಮಾತಿರಲಿ.

ನಾನು: ಅದು ಸರಿ. ಮೈಯ ಬಿಸಿ ತಾಗದ್ದರಿಂದ ನಿಧಾನವಾಗಿ ಹಾರುತ್ತದೆ.

ದೊಡ್ಡಪ್ಪ: ನೋಡಿದಿರಾ! ಜ್ವರ ಬಂದಾಗ ನಮ್ಮ ಅಮ್ಮ ಯೂಡಿಕೊಲೋನಿನಲ್ಲಿ ಕರವಸ್ತ್ರ ಅದ್ದಿ ಹಣೆಗೆ ಹಾಕುತ್ತಿದ್ದಳು. ಕರವಸ್ತ್ರಕ್ಕೆ ಏನಾಯಿತು?

ಅತ್ತೆ: ಬಿಳಿ ಹತ್ತಿಯ ಕರವಸ್ತ್ರ. ಹೋಗಲು ಅದರಲ್ಲಿ ಬಣ್ಣವೆಲ್ಲಿತ್ತು? ಅದಕ್ಕೂ ಅಮ್ಮ ನೀರು ಬೆರೆಸುತ್ತಿದ್ದಳು.

ನಾನು: ಅದೂ ಇದೇ ಕೊಲೋನ್, ದೊಡ್ಡಪ್ಪ. ಜರ್ಮನಿಯ ಊರಿನ ಹೆಸರು. 1709ರಲ್ಲಿ ಫರೀನಾ ಎಂಬ ಇಟಲಿ ಮೂಲದ ಮನೆತನ ಅಲ್ಲಿ ವ್ಯಾಪಾರ ತೆರೆದು...

ಚಿಕ್ಕಮ್ಮ: ಚರಿತ್ರೆ ಮದುವೆಯಾದ ಮೇಲೆ ಹೇಳು. ಹೋಮದ ಪಕ್ಕ ನಿಂತು ಯಾರೂ ಆ ಬಾಟಲಿ ತೆಗೆಯಬೇಡಿ, ಅದಕ್ಕೆ ಬೆಂಕಿ ಹತ್ತುತ್ತದೆ.

ದೊಡ್ಡಪ್ಪ: ಆಗಲಿ, ಪರೀಕ್ಷೆ ಮಾಡಿಯೇ ನೋಡೋಣ. ಯಾವುದಾದರೂ ಸೀರೆಯ ಒಳತುದಿಗೆ ಒಂದು ಹನಿ.

ಚಿಕ್ಕಮ್ಮ: ನಿಮ್ಮ ಪಂಚೆಯ ಒಳತುದಿ ಇದೆಯಲ್ಲ, ಭಾವ.

ಅಕ್ಕ: ಅಪ್ಪ, ಮೊದಲು ಆ ಸಂದೇಶವನ್ನು ಅಳಿಸಿಬಿಡಿ. ಮಕ್ಕಳು ನೋಡಿ ಶುರು ಮಾಡುತ್ತಾರೆ.

ದೊಡ್ಡಪ್ಪ: ಇಲ್ಲಿ ಅಳಿಸಿ ಏನು ಪ್ರಯೋಜನ? ಬೀಗರ ಗುಂಪಿಗೂ ಸಂಜೆಯೇ ಕಳಿಸಿದ್ದೇನೆ.

ಅತ್ತೆ: ಅಣ್ಣ! ಗಂಡಿನ ಕಡೆಯವರಿಗೇ?

ದೊಡ್ಡಪ್ಪ: ಹೌದು. ಆಗಲೇ ಮೂವರು ಹೆಬ್ಬೆರಳು ಎತ್ತಿದ್ದಾರೆ. ಅವರಲ್ಲಿ ಒಬ್ಬ ಮದುವೆ ಗಂಡು.