ತಂತ್ರಾಂಶ ತೆಗೆದರೂ ಲೈಸೆನ್ಸ್ ಸರ್ವಿಸ್ ಹೋಗುತ್ತಿಲ್ಲ, ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ: ಮನೆಯ ನಕ್ಷೆ ಬರೆಯುವ ತಂತ್ರಾಂಶವೊಂದನ್ನು ಪರೀಕ್ಷೆಗೆಂದು ಹಾಕಿಕೊಂಡಿದ್ದೆ. ಹಿಡಿಸಲಿಲ್ಲ, ತೆಗೆದೆ. ಆದರೆ ಅದರ ಲೈಸೆನ್ಸ್ ನೋಡಿಕೊಳ್ಳುವ ಸರ್ವಿಸ್ (ತೆರೆಯ ಹಿಂದೆ ಓಡುವ ಪ್ರೋಗ್ರಾಂ) ಒಂದು ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ತಾನೂ ಎದ್ದು ಕೂರುತ್ತದೆ. ಹಾಕುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಅಳಿಸಿಬಿಡಲೇ?

ಶಿವಮೊಗ್ಗ, ಡಿಟಿಪಿ ಅಂಗಡಿ: ತಡೆಯಿರಿ, ಆ ತಪ್ಪನ್ನು ನಾನು ಮಾಡಿ ಮುಗಿಸಿದ್ದೇನೆ. ದುರ್ಗಿಗುಡಿಯಲ್ಲಿ ನನ್ನದು ಸಣ್ಣ ಅಂಗಡಿ. ಲಗ್ನಪತ್ರಿಕೆಗಳ ಭರಾಟೆಯಲ್ಲಿ ಕಂಪ್ಯೂಟರ್ ಕೆಸರಿಗಿಳಿದ ಎಮ್ಮೆಯಂತೆ ಏಳದೆ ಕೂತಾಗ, ಸಿಟ್ಟಿಗೆ ಹಳೆಯ ತಂತ್ರಾಂಶ ಬಿಟ್ಟುಹೋಗಿದ್ದ ಲೈಸೆನ್ಸ್ ಫೋಲ್ಡರನ್ನೇ ಕಿತ್ತುಹಾಕಿದೆ. ಮರುದಿನ ಬೆಳಿಗ್ಗೆ, ದುಡ್ಡು ಕೊಟ್ಟು ಕೊಂಡಿದ್ದ ಇನ್ನೊಂದು ತಂತ್ರಾಂಶವೂ ತೆರೆಯಲಿಲ್ಲ. ಎರಡೂ ಬೇರೆ ಬೇರೆ ಕಂಪನಿಯವು, ಕಾವಲಿಗೆ ಇದ್ದದ್ದು ಮಾತ್ರ ಒಂದೇ ಫ್ಲೆಕ್ಸ್‌ನೆಟ್ ಸರ್ವಿಸ್! ಎಷ್ಟೋ ಕಂಪನಿಗಳು ಬೀಗವನ್ನು ತಾವೇ ಮಾಡುವುದಿಲ್ಲ, ಬೀಗ ಮಾಡುವವರಿಂದ ಕೊಳ್ಳುತ್ತವೆ. ಒಂದು ತಂತ್ರಾಂಶ ಹೋದರೂ ಇನ್ನೊಂದಕ್ಕೆ ಬೇಕಾದೀತೆಂದು ಅದು ಉಳಿದುಕೊಳ್ಳುತ್ತದೆ. ಅಷ್ಟನ್ನು ಒಪ್ಪುತ್ತೇನೆ. ಹೇಳದೆ ಕೇಳದೆ ಮನೆಯೊಳಗೆ ಕೂರಿಸಿದ್ದನ್ನು ಒಪ್ಪುವುದಿಲ್ಲ.

ಈಗ ನಾನು ಮೊದಲು ವಿಂಡೋಸ್‌ನ ಸರ್ವಿಸಸ್ ಪಟ್ಟಿ ತೆರೆದು, ಅದು ಯಾವ ಫೋಲ್ಡರಿನಿಂದ ಓಡುತ್ತಿದೆ ಎಂದು ಬರೆದಿಟ್ಟುಕೊಳ್ಳುತ್ತೇನೆ. 'ಆಟೊಮ್ಯಾಟಿಕ್' ಇದ್ದದ್ದನ್ನು 'ಮ್ಯಾನುಯಲ್' (ಕರೆದರಷ್ಟೇ ಏಳುವಂತೆ) ಮಾಡಿ ಒಂದು ವಾರ ದಿನದ ಕೆಲಸವನ್ನೆಲ್ಲ ಮಾಡಿ ನೋಡುತ್ತೇನೆ. ಯಾವುದೂ ಕೈಕೊಡದಿದ್ದರೆ 'ಡಿಸೇಬಲ್ಡ್', ಅಂದರೆ ಕರೆದರೂ ಏಳದಂತೆ. ಅಳಿಸುವುದು ಆಮೇಲಿನ ಮಾತು.

ಸಾಗರ, ಅಡಿಕೆ ಮಂಡಿಯ ಲೆಕ್ಕ ಬರೆಯುವವಳು: ನಮ್ಮದು ಡಾಂಗಲ್ ಕಥೆ. ಹಳೆಯ ಬಿಲ್ಲಿಂಗ್ ತಂತ್ರಾಂಶದ ಯುಎಸ್‌ಬಿ ಬೀಗ ಬೀರು ಸೇರಿ ಎರಡು ವರ್ಷವಾಗಿತ್ತು. ಆದರೂ ಆ ಬೀಗದ ಸೆಂಟಿನೆಲ್ ಸರ್ವಿಸ್ 1947ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ತೆರೆದುಕೊಂಡು ಓಡುತ್ತಲೇ ಇತ್ತು. (ಸ್ವಾತಂತ್ರ್ಯ ಬಂದ ವರ್ಷ, ಸಂಖ್ಯೆ ಮರೆಯುವುದಿಲ್ಲ.) ಇದನ್ನು ಹಗುರವಾಗಿ ಕಾಣಬೇಡಿ. 2018ರಲ್ಲಿ ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯ ಸಂಶೋಧಕರು ಈ ವ್ಯವಸ್ಥೆಯಲ್ಲಿ 14 ಭದ್ರತಾ ದೋಷಗಳನ್ನು ಬಹಿರಂಗಪಡಿಸಿದ್ದರು, ಡಾಂಗಲ್ ಕಿತ್ತರೂ, ಹೊರಗಿನ ಸಂಪರ್ಕ ತಡೆಯಬೇಕಾದ ಫೈರ್‌ವಾಲ್‌ನಲ್ಲಿ ಆ ಪೋರ್ಟ್ ತೆರೆದೇ ಇರುತ್ತದೆ ಎಂದೂ ಹೇಳಿದ್ದರು. ಇನ್ನೂ ಡಾಂಗಲ್ ಬಳಸುವವರು ಹೊಸ ಡ್ರೈವರ್ ಹಾಕಿಕೊಳ್ಳಿ. ಬಳಸದವರು ಅದರದೇ ಅನ್‌ಇನ್‌ಸ್ಟಾಲರ್‌ನಿಂದ ತೆಗೆದು, ಫೈರ್‌ವಾಲ್ ಪಟ್ಟಿಯನ್ನೂ ನೋಡಿ.

ಭದ್ರಾವತಿ, ಕಂಪ್ಯೂಟರ್ ರಿಪೇರಿ: ನನ್ನ ಮೇಜಿಗೆ ಹೆಚ್ಚು ಬರುವುದು ದುಡ್ಡು ಕೊಡದೆ ವಿಂಡೋಸ್, ಆಫೀಸ್ ಓಡಿಸುವ ಪುಕ್ಕಟೆ 'ಆ್ಯಕ್ಟಿವೇಟರ್' ಹಾಕಿಸಿಕೊಂಡ ಯಂತ್ರಗಳು. ಆ ಆ್ಯಕ್ಟಿವೇಟರ್ ನಕಲು ಮಾಡುವುದು ಕೆಎಂಎಸ್ ಅನ್ನು, ಅಂದರೆ ಸಂಸ್ಥೆಗಳಿಗೆಂದು ಮೈಕ್ರೋಸಾಫ್ಟ್ ಇಟ್ಟ ವಿಧಾನವನ್ನು. ಅದರ ಪರವಾನಗಿ 180 ದಿನಗಳದ್ದು. ಅದನ್ನು ನವೀಕರಿಸುತ್ತಿರಲೆಂದೇ ಆ ಕಳ್ಳ ತಂತ್ರಾಂಶ ಒಳಗೆ ಬೇರು ಬಿಡುತ್ತದೆ. ಆ್ಯಂಟಿವೈರಸ್ ಆಫ್ ಮಾಡಿ ಎಂದು ಅದೇ ಹೇಳುತ್ತದೆ, ನಾವೂ ಮಾಡುತ್ತೇವೆ!

ಹೊಸನಗರದಿಂದ: 'ಆಟೊರನ್ಸ್' ಬಳಸಿ, ಉಚಿತ. ತಾನೇ ಶುರುವಾಗುವುದನ್ನೆಲ್ಲ ತೋರಿಸುತ್ತದೆ. ಬೇಡದ್ದರ ಗುರುತು ತೆಗೆದರೆ ಸಾಕು, ಬೇಕೆನಿಸಿದರೆ ಮತ್ತೆ ಹಾಕಬಹುದು. 2005ರಲ್ಲಿ ಸೋನಿ ಬಿಎಂಜಿ ಸಂಗೀತದ ಸಿಡಿಗಳು ಗುಟ್ಟಾಗಿ, ಕಣ್ಣಿಗೆ ಬೀಳದಂತೆ ಅಡಗಿಕೊಳ್ಳುವ ರೂಟ್‌ಕಿಟ್ ಹಾಕುತ್ತಿದ್ದುದನ್ನು ಬಯಲಿಗೆಳೆದ ಮಾರ್ಕ್ ರುಸಿನೋವಿಚ್ ಅವರೇ ಆಟೊರನ್ಸ್ ಮಾಡಿದವರಲ್ಲೊಬ್ಬರು.

ತೀರ್ಥಹಳ್ಳಿಯಿಂದ ಮತ್ತೆ: ಡಿಟಿಪಿ ಅಣ್ಣ, ನೋಡಿದೆ. ನನ್ನಲ್ಲಿರುವುದೂ ಫ್ಲೆಕ್ಸ್‌ನೆಟ್, ಮಗಳ ಕಾಲೇಜಿನ ತಂತ್ರಾಂಶಕ್ಕೂ ಅದೇ ಬೇಕಂತೆ. ಅಳಿಸಿದ್ದರೆ ಮನೆಯಲ್ಲಿ ರಾಮಾಯಣವಾಗುತ್ತಿತ್ತು. ಮ್ಯಾನುಯಲ್ ಮಾಡಿದ್ದೇನೆ. ಅಷ್ಟರಲ್ಲಿ ಮಳೆ ಹಿಡಿದು ಕರೆಂಟ್ ಹೋಯಿತು. ಬಂದ ಮೇಲೆ ಫೈರ್‌ವಾಲ್ ನೋಡಿ ಬರೆಯುತ್ತೇನೆ.