25 ರಿಂಗಿಟ್ ಬಫೆ ಮತ್ತು ನಮ್ಮ ಮನೆ ಗುಂಪು

ಗುಂಪು: ನಮ್ಮ ಮನೆ, ತೀರ್ಥಹಳ್ಳಿ
ಶುಕ್ರವಾರ

ನಾನು: (ಫೋಟೊ) ಇವತ್ತಿನ ಊಟ. ಮಲೇಷ್ಯಾದ ಪೆಟಾಲಿಂಗ್ ಜಯದಲ್ಲಿ ನಮ್ಮ ಆಫೀಸಿನ ಎದುರಿಗೇ ಇರುವ ಮಾಲ್. ಮಲಯ್ ಊಟದ ಬಫೆ, 25 ರಿಂಗಿಟ್. ನಮ್ಮ ದುಡ್ಡಿನಲ್ಲಿ 500 ರೂಪಾಯಿ ಚಿಲ್ಲರೆ. ಇಲ್ಲಿಗೆ ಬಂದು ಎಂಟು ತಿಂಗಳಾಯಿತು, ಮೊದಲ ಸಲ ಕೈಯಲ್ಲಿ ಕಲಸಿ ತೃಪ್ತಿಯಾಗಿ ಊಟ ಮಾಡಿದೆ.

ದೊಡ್ಡಪ್ಪ: ಇಲ್ಲಿ ಇನ್ನೂ 11:20. ಆಗಲೇ ಊಟ ಮುಗಿಯಿತಾ?

ನಾನು: ಇಲ್ಲಿ 1:50 ದೊಡ್ಡಪ್ಪ. ನಿಮಗಿಂತ ಎರಡೂವರೆ ಗಂಟೆ ಮುಂದೆ.

ಪುಟ್ಟಿ: ಅಕ್ಕಾ, ತಟ್ಟೆಯ ಅಂಚಿನಲ್ಲಿ ಇರುವುದು ಒಂದೆಲಗ ಅಲ್ವಾ?

ನಾನು: ಅದೇ! ಇಲ್ಲಿ ಪೆಗಾಗಾ ಎನ್ನುತ್ತಾರೆ. ಹಸಿಯಾಗಿಯೇ ಇಡುತ್ತಾರೆ, ಚಟ್ನಿಗೆ ಅದ್ದಿ ತಿನ್ನಬೇಕು. ಹೀಗೆ ಹಸಿ ಸೊಪ್ಪು, ಎಳೆ ಕಾಯಿ, ಸೌತೆಕಾಯಿ ಎಲ್ಲ ಸೇರಿಸಿ ಇಡುವುದಕ್ಕೆ ಉಲಾಮ್ ಅಂತ ಹೆಸರು.

ದೊಡ್ಡಪ್ಪ: ಸೊಪ್ಪಿನ ಮಾತು ಆಮೇಲೆ. ದೊಡ್ಡ ಮಾಲ್‌ನಲ್ಲಿ 500 ರೂಪಾಯಿಗೆ ಹೊಟ್ಟೆ ತುಂಬ ತಿನ್ನಿ ಎಂದರೆ ಅವರಿಗೆ ಹೇಗೆ ಗಿಟ್ಟುತ್ತದೆ? ಎಲ್ಲೋ ಒಂದು ಕಡೆ ಉಳಿಸಿರಲೇಬೇಕು. ಒಂದೋ ಕರಿದ ಎಣ್ಣೆಯನ್ನೇ ಮತ್ತೆ ಕಾಸಿರುತ್ತಾರೆ, ಇಲ್ಲ ನಿನ್ನೆಯದನ್ನು ಬಿಸಿ ಮಾಡಿರುತ್ತಾರೆ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಮದುವೆ ಬಫೆ ತಿಂದು ನಾವು ನಾಲ್ಕು ಜನ ಮೂರು ದಿನ ಮಲಗಿದ್ದು ನೆನಪಿದೆಯಲ್ಲ? ನೀನು ಅಲ್ಲಿ ಒಬ್ಬಳೇ ಇದ್ದೀಯ ಮಗಾ. ಜ್ವರ ಬಂದರೆ ಗಂಜಿ ಮಾಡಿಕೊಡುವವರು ಯಾರು?

ಅಣ್ಣ: ದೊಡ್ಡಪ್ಪ ಹೇಳುವುದು ಸರಿ. ಇನ್ನೊಂದು ವಿಷಯ. ಇದು ಅಗ್ಗವೂ ಅಲ್ಲ. ನೀನೇ ಹೋದ ತಿಂಗಳು ಹೇಳಿದ್ದೆ, ಆಫೀಸಿನ ಕೆಳಗಡೆ ಅನ್ನ, ಕೋಳಿ, ಪಲ್ಯ ಸೇರಿ 11 ರಿಂಗಿಟ್‌ಗೆ ಸಿಗುತ್ತದೆ ಅಂತ. ಅದರ ಎರಡರಷ್ಟು ಕೊಟ್ಟು ಬಂದಿದ್ದೀಯ. ಮಧ್ಯಾಹ್ನ ಯಾರಿಗೆ ಅಷ್ಟು ತಿನ್ನಲು ಆಗುತ್ತದೆ?

ನಾನು: ಅಣ್ಣಾ, ಆ 11 ರಿಂಗಿಟ್ ಊಟದ ಕಥೆ ಕೇಳು. ಅದಕ್ಕೆ ನಾಸಿ ಚಂಪೂರ್ ಅನ್ನುತ್ತಾರೆ. ಇಪ್ಪತ್ತು ಮೂವತ್ತು ಪಾತ್ರೆ ಸಾಲಾಗಿ ಇಟ್ಟಿರುತ್ತಾರೆ. ಬೇಕಾದ್ದು ಬಡಿಸಿಕೊಂಡು ಹೋದರೆ ಗಲ್ಲಾದವರು ತಟ್ಟೆ ನೋಡಿ ಒಂದು ಬೆಲೆ ಹೇಳುತ್ತಾರೆ. ಯಾವುದಕ್ಕೆ ಎಷ್ಟು ಎನ್ನುವುದು ಎಷ್ಟೋ ಕಡೆ ಬರೆದಿರುವುದೇ ಇಲ್ಲ. ಮೊದಲ ವಾರ ನಾನು ದೊಡ್ಡ ಸಿಗಡಿ ಎರಡು ಹಾಕಿಕೊಂಡು 19 ರಿಂಗಿಟ್ ಕೊಟ್ಟೆ. ಆಮೇಲೆ ಭಯ. ಗೊತ್ತಿರುವ ಎರಡೇ ಪದಾರ್ಥ, ಕರಿದ ಕೋಳಿ ಮತ್ತು ಬಸಳೆ ತರಹದ ಒಂದು ಸೊಪ್ಪು. ಎಂಟು ತಿಂಗಳು ಅದನ್ನೇ ತಿಂದೆ. ಉಳಿದ ಪಾತ್ರೆಗಳಲ್ಲಿ ಏನಿದೆ ಎಂದು ಕೇಳಲೂ ಇಲ್ಲ. ಇವತ್ತು ಹದಿನಾರು ಬಗೆ ಒಂದೊಂದು ಚಮಚ ಹಾಕಿಕೊಂಡು ನೋಡಿದೆ. ಇಷ್ಟವಾಗದಿದ್ದರೂ ಒಂದು ಚಮಚವೇ ತಾನೆ. ನನಗೆ ಬಫೆ ಬೇಕಾಗಿದ್ದು ಇದಕ್ಕೆ. ಹೊಟ್ಟೆ ಬಿರಿಯ ತಿನ್ನಲು ಅಲ್ಲ.

ಅಣ್ಣ: ಟ್ಯಾಕ್ಸ್ ಸೇರಿಸಿದರೆ ಇನ್ನೂ ಜಾಸ್ತಿ ಆಗಿರುತ್ತದೆ.

ನಾನು: ಇಲ್ಲ. ಇಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಸರ್ವಿಸ್ ಚಾರ್ಜ್ 10 ಪರ್ಸೆಂಟ್, ಸರ್ಕಾರದ ತೆರಿಗೆ 6 ಪರ್ಸೆಂಟ್ ಮೇಲೆ ಬೀಳುತ್ತದೆ. ಇವರು 25 ನೆಟ್ ಎಂದು ಬಾಗಿಲಲ್ಲೇ ಬರೆದಿದ್ದರು. ಕೊಟ್ಟಿದ್ದು ಅಷ್ಟೇ.

ದೊಡ್ಡಮ್ಮ: ನಾನು ಒಂದೇ ಕೇಳುತ್ತೇನೆ. ಆ ಸಾಲಿನಲ್ಲಿ ದನದ ಮಾಂಸ ಇತ್ತಾ?

ನಾನು: ಇತ್ತು ದೊಡ್ಡಮ್ಮ. ಒಂದು ಪಾತ್ರೆ ರೆಂಡಾಂಗ್, ತೆಂಗಿನ ಹಾಲು ಮಸಾಲೆಯಲ್ಲಿ ನೀರು ಆರುವವರೆಗೆ ಬೇಯಿಸಿದ ಮಾಂಸ. ನಾನು ಮುಟ್ಟಲಿಲ್ಲ.

ದೊಡ್ಡಮ್ಮ: ಪಕ್ಕದ ಪಾತ್ರೆಯದನ್ನು ಹಾಕಿಕೊಂಡೆ ತಾನೆ? ಸೌಟು ಎಲ್ಲ ಕಡೆ ಓಡಾಡುತ್ತದೆ. ಇಷ್ಟು ಗೊತ್ತಿದ್ದೂ ಹೋದೆಯಲ್ಲ, ನನಗೆ ಬೇಜಾರಾಯಿತು.

ನಾನು: ಸೌಟಿನ ವಿಷಯ ನೀವು ಹೇಳಿದ್ದು ನಿಜ, ಅದನ್ನು ಮುಚ್ಚಿಡಲ್ಲ. ನನ್ನ ಮುಂದೆ ಇದ್ದವರು ರೆಂಡಾಂಗ್ ಸೌಟನ್ನೇ ಪಕ್ಕದ ಕೋಳಿ ಪಾತ್ರೆಗೆ ಹಾಕಿದರು. ನಾನು ಆ ಕೋಳಿ ಬಿಟ್ಟೆ. ಜೊತೆಗೆ ಬಂದಿದ್ದ ನಮ್ಮ ಆಫೀಸಿನ ಕಾಕ್ ಅದನ್ನು ನೋಡಿ ಬಡಿಸುವ ಹುಡುಗನಿಗೆ ಹೇಳಿದರು. ಅವನು ಆ ಪಾತ್ರೆ ಒಳಗೆ ತೆಗೆದುಕೊಂಡು ಹೋಗಿ ಬೇರೆ ತಂದ, ಸೌಟೂ ಬೇರೆ. ನಾನು ಹೇಳಲೇ ಇಲ್ಲ, ನನ್ನ ಮುಖ ನೋಡಿ ಅವರೇ ಹೇಳಿದ್ದು.

ಪುಟ್ಟಿ: ಕಾಕ್ ಅಂದರೆ?

ನಾನು: ಅಕ್ಕ. ತಮಗಿಂತ ದೊಡ್ಡ ಹೆಂಗಸರನ್ನು ಇಲ್ಲಿ ಹಾಗೇ ಕರೆಯುತ್ತಾರೆ.

ದೊಡ್ಡಮ್ಮ: ಅವರು ಒಳ್ಳೆಯವರು ಇರಬಹುದು. ಆದರೂ ನಾನು ಆ ಸಾಲಿನಲ್ಲಿ ನಿಲ್ಲಲ್ಲ. ನಿಮ್ಮಮ್ಮ ಮುಂದಿನ ತಿಂಗಳು ಬರುತ್ತಾಳಲ್ಲ, ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಡ.

ಅಣ್ಣ: ಅಮ್ಮನಿಗೆ ಬಾಳೆ ಎಲೆ ಊಟದ ಹೋಟೆಲ್ ಸಾಕು. ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಅನ್ನ ಸಾರು ಹಪ್ಪಳ ಎಲ್ಲ ಸಿಗುತ್ತದೆ ಅಂತ ನೋಡಿದೆ.

ಪುಟ್ಟಿ: ಅಷ್ಟು ದೂರ ವಿಮಾನದಲ್ಲಿ ಹೋಗಿ ಮತ್ತೆ ಅನ್ನ ಸಾರೇ ತಿನ್ನಬೇಕಾ ಅಣ್ಣಾ?

ಅಣ್ಣ: ಅರವತ್ತು ದಾಟಿದ ಹೊಟ್ಟೆ ಪುಟ್ಟಿ. ಪ್ರಯೋಗ ಮಾಡುವುದಕ್ಕೆ ಅಲ್ಲ.

ನಾನು: ಅಮ್ಮನಿಗೆ ಏನು ಬೇಕೋ ಅಮ್ಮನೇ ಹೇಳಲಿ. ದೊಡ್ಡಮ್ಮ, ನೀವು ಬಂದರೆ ನಾನು ಒತ್ತಾಯ ಮಾಡಲ್ಲ, ಬಾಳೆ ಎಲೆ ಊಟಕ್ಕೇ ಹೋಗೋಣ. ಅದರಲ್ಲಿ ವಾದವೇ ಇಲ್ಲ. ಆದರೆ ದೊಡ್ಡಪ್ಪ ಅಗ್ಗದ ಊಟ, ನಿನ್ನೆಯ ಊಟ ಎಂದು ನೋಡದೆ ಹೇಳಿದರಲ್ಲ, ಅದು ನನಗೆ ತಾಗಿತು. ಒಂದೊಂದಾಗಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು: ಮೊದಲು ಹಲಸು. ಎಳೆ ಹಲಸಿನಕಾಯಿ ತುಂಡು, ಅರಿಶಿನ, ಗಾಂಧಾರಿ ಮೆಣಸಿನಷ್ಟೇ ಸಣ್ಣ ಮೆಣಸು, ತೆಂಗಿನ ಹಾಲು. ಇದು ಗುಲಾಯ್. ಬಾಯಿಗಿಟ್ಟಾಗ ಅಜ್ಜಿ ಏಪ್ರಿಲ್‌ನಲ್ಲಿ ಮಾಡುತ್ತಿದ್ದ ಹುಳಿಯ ಹಲಸೇ, ಬೇಳೆ ಮಾತ್ರ ಇಲ್ಲ. ಇನ್ನೊಂದು ಪಾತ್ರೆಯಲ್ಲಿ ಕಳಲೆ. ಹೌದು, ಕಳಲೆ! ರೆಬುಂಗ್ ಅನ್ನುತ್ತಾರೆ. ನೀರಲ್ಲಿ ನೆನೆಸಿ ಕಹಿ ತೆಗೆಯುವುದೂ ನಮ್ಮ ಹಾಗೆಯೇ. ಕಾಕ್ ಊರು ನೆಗೆರಿ ಸೆಂಬಿಲಾನ್, ಇಲ್ಲಿಯ ಒಂದು ರಾಜ್ಯ. ಅವರಮ್ಮ ಮಳೆಗಾಲದಲ್ಲಿ ಇದನ್ನೇ ಮಾಡುತ್ತಾರಂತೆ. ಸುಮಾತ್ರಾದಿಂದ ಬಂದ ಮಿನಾಂಗ್‌ಕಬಾವ್ ಜನರ ಅಡುಗೆ ಅದು. ಆ ಕಡೆ ಮನೆ, ಗದ್ದೆ ಹೆಣ್ಣುಮಕ್ಕಳಿಗೆ ಬರುತ್ತದೆ.

ಚಿಕ್ಕಮ್ಮ: ಅಯ್ಯೋ ನಮ್ಮ ಅಳಿಯಕಟ್ಟಿನ ಹಾಗಾ?

ನಾನು: ತಾಯಿ ಕಡೆಯಿಂದ ವಂಶ ಎಣಿಸುವುದು ಹಾಗೇ ಚಿಕ್ಕಮ್ಮ. ಆದರೆ ಅಲ್ಲಿ ಆಸ್ತಿ ನಮ್ಮಲ್ಲಿ ಹಿಂದೆ ಇದ್ದ ಹಾಗೆ ಸೋದರಳಿಯನಿಗೆ ಅಲ್ಲ, ನೇರವಾಗಿ ಮಗಳಿಗೆ ಹೋಗುತ್ತದೆ. ಆ ಪದ್ಧತಿಗೆ ಅದಾತ್ ಪರ್ಪಾತಿಹ್ ಅನ್ನುತ್ತಾರೆ. ನಿಮಗೆ ಇನ್ನೊಂದು ಹೇಳಬೇಕು. ರೆಂಡಾಂಗ್ ಅನ್ನು ಕೋಳಿಯಲ್ಲೂ ಮಾಡುತ್ತಾರೆ, ಕಾಕ್ ಹಬ್ಬಕ್ಕೆ ಡಬ್ಬಿಯಲ್ಲಿ ತಂದಿದ್ದರು. ಅದಕ್ಕೆ ಸಣ್ಣಗೆ ಹೆಚ್ಚಿದ ಅರಿಶಿನ ಎಲೆ ಹಾಕುತ್ತಾರೆ. ಡಬ್ಬಿ ಮುಚ್ಚಳ ತೆಗೆದಾಗ ನಾಗರ ಪಂಚಮಿ ದಿನ ನಿಮ್ಮನೆಯಲ್ಲಿ ಕಡುಬು ಬೇಯುವಾಗ ಬರುತ್ತದಲ್ಲ, ಅದೇ ವಾಸನೆ.

ಚಿಕ್ಕಮ್ಮ: ಮತ್ತೆ ಫೋಟೊದಲ್ಲಿ ಕಾಣುವ ಆ ಕಪ್ಪು ಕಪ್ಪು ಪುಡಿ?

ನಾನು: ಕೆರಿಸಿಕ್. ತೆಂಗಿನ ತುರಿಯನ್ನು ಎಣ್ಣೆ ಇಲ್ಲದೆ ಕೆಂಪಗೆ ಹುರಿದು, ಎಣ್ಣೆ ಬಿಡುವವರೆಗೆ ಕುಟ್ಟುವುದು.

ಚಿಕ್ಕಮ್ಮ: ನಾವೂ ಹುರಿದು ಅರೆಯುತ್ತೇವಲ್ಲ. ನನಗೆ ಈಗಲೇ ಹಸಿವಾಯಿತು.

ದೊಡ್ಡಪ್ಪ: ರುಚಿ ಇಲ್ಲ ಎಂದು ನಾನು ಹೇಳಲೇ ಇಲ್ಲ. ನನ್ನ ಪ್ರಶ್ನೆ ಶುಚಿಯದ್ದು. ಅದಕ್ಕೆ ಉತ್ತರ ಬರಲಿಲ್ಲ.

ನಾನು: ಇಲ್ಲಿ ಅಡುಗೆ ಮಾಡುವವರು, ಬಡಿಸುವವರು ತರಬೇತಿ ತೆಗೆದುಕೊಂಡಿರಬೇಕು, ಟೈಫಾಯಿಡ್ ಲಸಿಕೆ ಹಾಕಿಸಿಕೊಂಡಿರಬೇಕು. ಅದು ಕಾನೂನು. ಊರಿನ ಕೌನ್ಸಿಲ್‌ನವರು ಬಂದು ನೋಡಿ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ, ಆ ಹಾಳೆಯನ್ನು ಗೋಡೆಗೆ ಅಂಟಿಸುತ್ತಾರೆ. ಇಲ್ಲಿ ಎ ಇತ್ತು. ನಾನು ಮೊದಲು ಅದನ್ನೇ ನೋಡಿದ್ದು.

ದೊಡ್ಡಪ್ಪ: ಹಾಳೆ ನಮ್ಮಲ್ಲೂ ಅಂಟಿಸುತ್ತಾರೆ. ಪಾತ್ರೆ ಬಿಸಿ ಇತ್ತಾ?

ನಾನು: ನಾವು ಹೋಗಿದ್ದು 12:30ಕ್ಕೆ. ಆಗ ಎಲ್ಲದರಲ್ಲೂ ಹಬೆ ಇತ್ತು. ಶುಕ್ರವಾರ ಗಂಡಸರು ಮಸೀದಿಗೆ ಹೋಗಿರುತ್ತಾರೆ, ಮೊದಲ ಒಂದು ಗಂಟೆ ಬರೀ ಹೆಂಗಸರು ಮತ್ತು ನಮ್ಮಂಥವರು. ಸರ್ಕಾರಿ ಆಫೀಸುಗಳಿಗೆ ಶುಕ್ರವಾರ 2:45ರವರೆಗೂ ಬಿಡುವು. ಎರಡು ಗಂಟೆ ಹೊತ್ತಿಗೆ ಗಂಡಸರು ಒಟ್ಟಿಗೆ ಬರುತ್ತಾರೆ. ಅವರಿಗಾಗಿ ಮತ್ತೆ ಹೊಸ ಪಾತ್ರೆ ತರುತ್ತಿದ್ದರು. ಆದರೆ ಮೀನು ಕರಿದದ್ದು ಮಾತ್ರ ತಣ್ಣಗಿತ್ತು, ಕೆಳಗೆ ಉರಿ ಆರಿತ್ತು. ಅದನ್ನು ನಾನು ತೆಗೆದುಕೊಳ್ಳಲಿಲ್ಲ.

ದೊಡ್ಡಪ್ಪ: ನೋಡು, ಅದನ್ನೇ ಹೇಳಿದ್ದು. ತಣ್ಣಗಿನ ಮೀನು ಮುಟ್ಟಬಾರದು.

ನಾನು: ಮುಟ್ಟಲಿಲ್ಲ ದೊಡ್ಡಪ್ಪ. ಆ ಮದುವೆ ಬಫೆ ತಿಂದ ಮೇಲೆ ನಾನೂ ಮೂರು ದಿನ ನಿಮ್ಮ ಪಕ್ಕದ ಹಾಸಿಗೆಯಲ್ಲೇ ಇದ್ದೆ, ಮರೆತಿಲ್ಲ. ಇವರಿಗೆ ಹೇಗೆ ಗಿಟ್ಟುತ್ತದೆ ಎಂದು ಕೇಳಿದಿರಿ. ಲೆಕ್ಕ ಹಾಕಿ ನೋಡಿ. ಬಹುಪಾಲು ಪಾತ್ರೆಗಳಲ್ಲಿ ಸೊಪ್ಪು, ಹಲಸು, ಕಳಲೆ, ಬದನೆ, ಟೆಂಪೆ, ಮೊಟ್ಟೆ. ಟೆಂಪೆ ಎಂದರೆ ಸೋಯಾ ಕಾಳನ್ನು ಹುದುಗಿಸಿ ಬಿಲ್ಲೆ ಕಟ್ಟಿದ್ದು. ಬೆಲೆ ಬಾಳುವುದು ಮೂರೋ ನಾಲ್ಕೋ ಪಾತ್ರೆ. ಕುಡಿಯಲು ಗುಲಾಬಿ ಶರಬತ್ತು. ಕೊನೆಗೆ ಹೆಸರುಕಾಳಿನ ಪಾಯಸ, ತೆಂಗಿನ ಹಾಲು ಬೆಲ್ಲ ಹಾಕಿ ಬೇಯಿಸಿದ್ದು. ಹಳ್ಳಿ ಮನೆಯ ಅಡುಗೆ ಇದು, ಯಾರಿಗೂ ಮೋಸ ಮಾಡದೆ ಈ ಬೆಲೆಗೆ ಕೊಡಬಹುದು. ರಂಜಾನ್ ತಿಂಗಳಲ್ಲಿ ದೊಡ್ಡ ಹೋಟೆಲುಗಳಲ್ಲಿ ಸಂಜೆ ಬಫೆಗೆ 100 ರಿಂಗಿಟ್ ಮೇಲೆ ತೆಗೆದುಕೊಳ್ಳುತ್ತಾರೆ, ಅಲ್ಲಿ ಇಡೀ ಕುರಿ ಇರುತ್ತದೆ. ಇದು ಅದಲ್ಲ.

ಅಣ್ಣ: ತಟ್ಟೆಯಲ್ಲಿ ಉಳಿಸಿದರೆ?

ನಾನು: ಮೇಜಿನ ಮೇಲೆ ಜಾಂಗಾನ್ ಮೆಂಬಾಜಿರ್ ಅಂತ ಚೀಟಿ ಇತ್ತು, ಹಾಳು ಮಾಡಬೇಡಿ ಎಂದು. ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನ ತಟ್ಟೆಯ ಕೊನೆಯ ಅಗುಳನ್ನೂ ಬಳಿಸಿ ತಿನ್ನಿಸಿದರು. ಮಗು ಏಳಲು ನೋಡಿದರೆ ಮತ್ತೆ ಕೂರಿಸಿದರು. ನಮ್ಮಜ್ಜಿಯೇ ಕೂತಿದ್ದ ಹಾಗಿತ್ತು, ನನಗೆ ಕಣ್ಣು ತುಂಬಿತು.

ದೊಡ್ಡಮ್ಮ: ಹ್ಞೂಂ.

ಪುಟ್ಟಿ: ಅಕ್ಕಾ ಇಷ್ಟ ಆಗದ್ದು ಏನೂ ಇರಲಿಲ್ವಾ?

ನಾನು: ಎರಡು. ಪೆತಾಯ್ ಅಂತ ಹಸಿರು ಕಾಳು, ವಾಸನೆ ಸಂಜೆವರೆಗೂ ಬಾಯಲ್ಲಿ ಇರುತ್ತದೆ. ಇನ್ನೊಂದು ತೆಂಪೋಯಾಕ್, ಡೂರಿಯನ್ ಹಣ್ಣನ್ನು ಹುಳಿ ಬರಿಸಿ ಅದರಲ್ಲಿ ಮೀನು ಬೇಯಿಸುತ್ತಾರೆ. ಒಂದು ಚಮಚ ತಿಂದೆ, ಸಾಕಾಯಿತು. ಮತ್ತೆ ಒಂದು ಎಚ್ಚರಿಕೆ. ಬರೀ ಸೊಪ್ಪಿನ ಪಲ್ಯ ಎಂದು ಕಂಡರೂ ಎಷ್ಟೋ ಸಲ ಅದರಲ್ಲಿ ಬೆಲಾಚಾನ್ ಇರುತ್ತದೆ, ಸಿಗಡಿಯನ್ನು ಕೊಳೆಸಿ ಒಣಗಿಸಿದ ಉಂಡೆ. ಸಸ್ಯಾಹಾರಿಗಳು ಕೇಳದೆ ಹಾಕಿಕೊಳ್ಳಬಾರದು. ಈ ವಿಷಯದಲ್ಲಿ ದೊಡ್ಡಮ್ಮನ ಮಾತೇ ಸರಿ.

ಅಮ್ಮ: ನಾನು ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದೆ. ಕೆಂಪು ಮೀನು ಸಾರಿನಲ್ಲಿ ಕಪ್ಪಗೆ ಎರಡು ತುಂಡು ತೇಲುತ್ತಿದೆಯಲ್ಲ. ಅದು ಉಪ್ಪಾಗೆ ಅಲ್ವಾ?

ನಾನು: ಅಮ್ಮಾ! ನನಗೆ ಹೊಳೆದೇ ಇರಲಿಲ್ಲ. ಕಾಕ್‌ಗೆ ಕೇಳಿ ಹೇಳುತ್ತೇನೆ.

2:31

ನಾನು: ಕೇಳಿದೆ. ಅಸಾಮ್ ಕೆಪಿಂಗ್ ಅಂತೆ. ಕಾಯಿ ಹೋಳು ಮಾಡಿ ಒಣಗಿಸಿದ್ದು. ನಮ್ಮ ಉಪ್ಪಾಗೆಯದೇ ಜಾತಿ, ಗಿಡ ಬೇರೆ. ಹುಣಸೆ ಬದಲು ಮೀನಿಗೆ ಹಾಕುತ್ತಾರೆ. ನಮ್ಮಮ್ಮ ಫೋಟೊದಲ್ಲೇ ಗುರುತು ಹಿಡಿದರು ಎಂದು ಹೇಳಿದ್ದಕ್ಕೆ ಅವರಿಗೆ ಎಷ್ಟು ಖುಷಿಯಾಯಿತು ಗೊತ್ತಾ. ಎಷ್ಟು ಹೋಳು ಹಾಕುತ್ತೀರಿ ಎಂದು ನಿನ್ನನ್ನು ಕೇಳಲು ಹೇಳಿದ್ದಾರೆ.

ಅಮ್ಮ: ಅರ್ಧ ಕೆಜಿ ಮೀನಿಗೆ ಮೂರು. ಮೊದಲು ಬಿಸಿನೀರಲ್ಲಿ ನೆನೆಸಬೇಕು ಅಂತ ಹೇಳು. ಆ ನೀರು ಚೆಲ್ಲಬಾರದು.

ಅಮ್ಮ: ನಾನು ಬಂದಾಗ ಒಂದು ದಿನ ಅಲ್ಲಿಗೇ ಹೋಗೋಣ. ಮೀನು, ಹಲಸು, ಕಳಲೆ ಮಾತ್ರ ತಿನ್ನುತ್ತೇನೆ. ಅಕ್ಕಾ, ನೀವು ಬೇಜಾರು ಮಾಡಿಕೊಳ್ಳಬೇಡಿ.

ದೊಡ್ಡಮ್ಮ: ನಿನ್ನಿಷ್ಟ. ಶನಿವಾರ ಬಿಟ್ಟು ಹೋಗು.

ದೊಡ್ಡಪ್ಪ: ಹೋಗುವುದಾದರೆ 12 ಗಂಟೆಗೇ ಹೋಗಿ. ಪಾತ್ರೆ ತೆರೆದ ತಕ್ಷಣ. ಕೆಳಗೆ ಉರಿ ಇದೆಯಾ ಎಂದು ಬಗ್ಗಿ ನೋಡಿ ಬಡಿಸಿಕೊಳ್ಳಿ.

ಅಮ್ಮ: ಹೋದ ವರ್ಷದ ಉಪ್ಪಾಗೆ ಇನ್ನೂ ಅರ್ಧ ಡಬ್ಬಿ ಇದೆ. ಅವರಿಗೆ ಸ್ವಲ್ಪ ಕಟ್ಟಿ ತರಲಾ? ವಿಮಾನದಲ್ಲಿ ಬಿಡುತ್ತಾರಾ ವಿಚಾರಿಸಿ ಹೇಳು.